ಸಡಿಲ ತಂತಿಗೆ ಬಿಗಿ ತಂದ ಬಗೆ

ಮಾರಾಟಕ್ಕಿದ್ದ ಹಳೆಯ ಫೆಂಡರ್ ಮಸ್ಟಾಂಗ್ ಗಿಟಾರೊಂದನ್ನು ನಾನು ಕೊಂಡಾಗ, ಅದರ ಮಂದ್ರದ ತಂತಿ ತುಸು ಜೋರಾಗಿ ಮೀಟಿದರೂ ಫ್ರೆಟ್‌ಗಳಿಗೆ (ಸ್ವರಸ್ಥಾನದ ಲೋಹದ ಪಟ್ಟಿಗಳಿಗೆ) ಬಡಿದು ಗಿರ್ರೆನ್ನುತ್ತಿತ್ತು. 1964ರಲ್ಲಿ ವಿದ್ಯಾರ್ಥಿಗಳಿಗೆಂದು ಬಂದ ಈ ಮಾದರಿಯ ಸ್ಕೇಲ್, ಅಂದರೆ ತಂತಿಯ ನುಡಿಯುವ ಭಾಗದ ಉದ್ದ, ಸಾಮಾನ್ಯವಾಗಿ 24 ಇಂಚು, ಫೆಂಡರ್ ಕಂಪನಿಯದೇ ಸ್ಟ್ರಾಟೋಕಾಸ್ಟರ್ ಗಿಟಾರಿನದು 25.5, ಹೀಗಾಗಿ ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದರೂ ಇಲ್ಲಿ ಬಿಗಿತ ಸುಮಾರು ಶೇ. 11ರಷ್ಟು ಕಡಿಮೆ. ಹಿಂದಿನವರು ಹಾಕಿದ್ದ 9ರ ತೆಳು ತಂತಿಗಳನ್ನು (ಸೆಟ್ಟಿನ ಅತಿ ತೆಳು ತಂತಿ 0.009 ಇಂಚು ದಪ್ಪ) ತೆಗೆದು 11ರ ಸೆಟ್ ಹಾಕಿ, ದಪ್ಪ ತಂತಿ ಸಿಕ್ಕಿಕೊಳ್ಳದಂತೆ ನೆಕ್ಕಿನ (ಗಿಟಾರಿನ ಕತ್ತಿನ) ತುದಿಯಲ್ಲಿ ತಂತಿಗಳನ್ನು ಹಿಡಿದಿಡುವ ನಟ್‌ನ ಸೀಳುಗಳನ್ನು ಸಣ್ಣ ಅರದಿಂದ ತೀಡಿ, ಪೆನ್ಸಿಲ್ ಸೀಸದ ಪುಡಿ ಸವರಿದೆ. ಹೆಚ್ಚಿದ ಎಳೆತಕ್ಕೆ ನೆಕ್ ಬಾಗಿತು. ಅದನ್ನು ನೇರಗೊಳಿಸುವ ಒಳಗಿನ ಸರಳಿನ, ಅಂದರೆ ಟ್ರಸ್ ರಾಡಿನ, ತಿರುಪು ನೆಕ್ಕಿನ ಬುಡದಲ್ಲಿರುವುದರಿಂದ ನೆಕ್ಕನ್ನೇ ಬಿಚ್ಚಿ ಬಿಗಿಸಬೇಕು, ಬೇಸರದ ಕೆಲಸವೇ ಸರಿ. ಕೊನೆಗೆ, 12ನೇ ಫ್ರೆಟ್‌ನಲ್ಲಿ ಒತ್ತಿದಾಗ ಸ್ವರ ಶ್ರುತಿಗೆ ಕೂಡುವವರೆಗೆ, ತಂತಿಗಳು ಕೆಳತುದಿಯಲ್ಲಿ ಕೂರುವ ಸ್ಯಾಡಲ್‌ಗಳನ್ನು ಹಿಂದಕ್ಕೆ ಸರಿಸಿದೆ. ಈಗ ಮಂದ್ರದ ತಂತಿ ಸ್ಪಷ್ಟವಾಗಿ ನುಡಿಯುತ್ತದೆ.