‘ಇಂಪಾಗಿದೆ’ ಅಂದರೆ ಸಾಲದು: ಭಾವಗೀತೆ ಆಲ್ಬಮ್ ಕೇಳಿ ಬರೆಯುವ ಬಗೆ

ಈಚೆಗೆ ಕೇಳಿದ ಆಲ್ಬಮ್ ಬಗ್ಗೆ ಗೆಳೆಯರಿಗೆ ನಾಲ್ಕು ಸಾಲು ಬರೆಯಲು ಕೂತರೆ ಮೊದಲು ನುಗ್ಗಿ ಬರುವ ಪದಗಳು ಇಂಪು, ಮಧುರ, ಸೊಗಸು. ಈ ಮೂರನ್ನೂ ಯಾವ ಆಲ್ಬಮ್ಮಿಗೆ ಬೇಕಾದರೂ ಅಂಟಿಸಬಹುದು. ಓದಿದವರು ಆ ಹಾಡು ತೆಗೆದು, ನೀವು ತೋರಿಸಿದ ಜಾಗಕ್ಕೇ ಹೋಗಿ, ‘ಹೌದಲ್ಲ’ ಅಂತಲೋ ‘ಇಲ್ಲ ಕಣ್ರೀ’ ಅಂತಲೋ ಹೇಳುವಂತಿದ್ದರೆ ಅದು ಅಭಿಪ್ರಾಯ. ಇಲ್ಲಿ ಹೇಳಿರುವ ಕ್ರಮ ಭಾವಗೀತೆ ಮತ್ತು ತತ್ವಪದಗಳ ಆಲ್ಬಮ್ಮಿಗೆ. ಸಿನಿಮಾ ಹಾಡಿನಲ್ಲಿ ಹೆಚ್ಚಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಭಾವಗೀತೆಯಲ್ಲಿ ಕವಿತೆ ಮೊದಲೇ ಅಚ್ಚಾಗಿರುತ್ತದೆ, ರಾಗ ಹಾಕುವವರು ಆಮೇಲೆ ಬರುತ್ತಾರೆ. ಕೇಳುವ ರೀತಿಯೂ ಬರೆಯುವ ರೀತಿಯೂ ಬೇರೆಯಾಗುವುದು ಇದರಿಂದಲೇ.

ಕೇಳಿದ್ದು ಯಾವುದು ಅಂತ ಮೊದಲು ಗೊತ್ತುಮಾಡಿಕೊಳ್ಳಿ

‘ಮೈಸೂರು ಮಲ್ಲಿಗೆ ಕೇಳಿದೆ’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಅದು ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನ. ಅದೇ ಹೆಸರಿನಲ್ಲಿ ಸಿ. ಅಶ್ವತ್ಥ್ ಸಂಯೋಜನೆಯ ಕ್ಯಾಸೆಟ್ ಇದೆ, 1992ರ ಸಿನಿಮಾ ಇದೆ, ಬೇರೆ ಬೇರೆ ಗಾಯಕರು ಹಾಡಿದ ಬಿಡಿ ಹಾಡುಗಳೂ ಇವೆ. ಕವಿ, ಸಂಯೋಜಕರು, ಗಾಯಕರು, ಯಾವ ಧ್ವನಿಮುದ್ರಣ: ಈ ನಾಲ್ಕನ್ನೂ ಮೊದಲ ಸಾಲಿನಲ್ಲೇ ಬರೆಯಿರಿ.

ಸ್ಟ್ರೀಮಿಂಗ್ ಆಪ್ ತೋರಿಸುವ ಹೆಸರುಗಳನ್ನು ನೆಚ್ಚಬೇಡಿ. ಅಲ್ಲಿ ಎಷ್ಟೋ ಸಲ ಕವಿಯ ಹೆಸರೇ ಇರುವುದಿಲ್ಲ, ಸಂಯೋಜಕರ ಜಾಗದಲ್ಲಿ ಗಾಯಕರಿರುತ್ತಾರೆ, ಇಸವಿ ಡಿಜಿಟಲ್‌ಗೆ ಏರಿಸಿದ ವರ್ಷದ್ದಾಗಿರುತ್ತದೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದೇ ಹೆಸರಾದದ್ದು, ಕವಿತೆ ಕೆ.ಎಸ್. ನಿಸಾರ್ ಅಹಮದ್ ಅವರದು, ಸಂಯೋಜನೆ ಮೈಸೂರು ಅನಂತಸ್ವಾಮಿ ಅವರದು. ಅಂಥದ್ದರ ಪಕ್ಕದಲ್ಲೂ ತೀರಾ ಈಚಿನ ಇಸವಿ ಕಂಡರೆ ಅದು ಏರಿಸಿದ ಇಸವಿ. ಕ್ಯಾಸೆಟ್ಟಿನ ಒಳಗಿನ ಕಾರ್ಡ್ ಸಿಕ್ಕರೆ ಅದೇ ಪ್ರಮಾಣ.

ಹಳೆಯ ಕ್ಯಾಸೆಟ್ಟಿನಿಂದ ಯಾರೋ ಏರಿಸಿದ ಆಡಿಯೋ ಆದರೆ ವೇಗವನ್ನೂ ನೋಡಬೇಕು. ಟೇಪ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಡೆಕ್ ಶೇ. 6ರಷ್ಟು ಜೋರಾಗಿ ಓಡಿದರೂ ಶ್ರುತಿ ಒಂದು ಸ್ವರಸ್ಥಾನ ಮೇಲೇರುತ್ತದೆ, 5 ನಿಮಿಷದ ಹಾಡು 4 ನಿಮಿಷ 43 ಸೆಕೆಂಡಿಗೆ ಮುಗಿಯುತ್ತದೆ. ‘ಗಾಯಕರ ದನಿ ಯಾಕೋ ತೆಳ್ಳಗಿದೆ, ಅವಸರದಲ್ಲಿ ಹಾಡಿದ್ದಾರೆ’ ಅನ್ನುವ ದೂರು ಎಷ್ಟೋ ಸಲ ಡೆಕ್ಕಿಗೆ ಸೇರಬೇಕಾದದ್ದು. ಅದೇ ಹಾಡಿನ ಇನ್ನೊಂದು ಪ್ರತಿಯ ಅವಧಿ ನೋಡಿ, ತಂಬೂರಿ ಆಪ್‌ನಲ್ಲಿ ಎರಡರ ಷಡ್ಜ (‘ಸ’ ಸ್ವರ) ಹಿಡಿದು ನೋಡಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಕೇಳುವಾಗ

ಶಫಲ್ ಆಫ್ ಮಾಡಿ. ಸಿ-60 ಕ್ಯಾಸೆಟ್ಟಿನಲ್ಲಿ ಒಂದು ಸೈಡಿಗೆ 30 ನಿಮಿಷ, ಅಂದರೆ ನಾಲ್ಕೈದು ಹಾಡು. ಬಿ ಸೈಡಿನ ಮೊದಲ ಹಾಡು ಇನ್ನೊಂದು ಶುರು. ಸಂಯೋಜಕರು ಆ ಜಾಗಕ್ಕೆ ಏನನ್ನಿಟ್ಟಿದ್ದಾರೆ ಅನ್ನುವುದು ಆಪ್‌ನ ಉದ್ದನೆಯ ಪಟ್ಟಿಯಲ್ಲಿ ಕಾಣುವುದಿಲ್ಲ. ಅವಧಿಗಳನ್ನು ಕೂಡಿಸುತ್ತಾ ಹೋಗಿ, 30 ನಿಮಿಷದ ಹತ್ತಿರ ಎಲ್ಲಿ ತುಂಡಾಗುತ್ತದೋ ಅಲ್ಲೊಂದು ಗೆರೆ ಎಳೆಯಿರಿ.

ಮೊದಲ ಸಲ ನಿಲ್ಲಿಸದೆ, ಏನೂ ಬರೆಯದೆ ಕೇಳಿ. ಎರಡನೇ ಸಲ ಕಾಗದ ಹಿಡಿದು, ಕಿವಿ ಚುರುಕಾದ ಕಡೆಯೆಲ್ಲ ನಿಮಿಷ-ಸೆಕೆಂಡ್ ಗುರುತು ಹಾಕಿ. ಹಾಡಿಗೆ ಮೂರು ಗುರುತು ಸಾಕು. ಹತ್ತು ಹಾಕಿದರೆ ಬರೆಯುವಾಗ ಯಾವುದನ್ನು ಬಿಡುವುದು ಅಂತ ಒದ್ದಾಡಬೇಕಾಗುತ್ತದೆ. ಮೂರನೇ ಸಲ ಕವಿತೆಯ ಜೊತೆಗೆ. ಮಧ್ಯೆ ಎರಡು ದಿನ ಬಿಡುವು ಕೊಡಿ. ಬಿಡುವಿನಲ್ಲಿ ತಾನಾಗಿ ನಾಲಿಗೆಗೆ ಬರುವ ಸಾಲು ಯಾವುದು ಅನ್ನುವುದೂ ಒಂದು ಟಿಪ್ಪಣಿಯೇ.

ಫೋನಿನ ಸ್ಪೀಕರಿನಲ್ಲಿ ಕೇಳಿ ‘ತಬಲಾ ಸಾಲದು’ ಅಂತ ಬರೆಯಬೇಡಿ. ಅಷ್ಟು ಸಣ್ಣ ಸ್ಪೀಕರಿನಲ್ಲಿ ಕೆಳಗಿನ ನಾದ ಏಳುವುದೇ ಇಲ್ಲ. ಬಲಗೈ ತಬಲಾದ ಟಣತ್ಕಾರ ಕೇಳಿಸುತ್ತದೆ, ಎಡಗೈಯ ಡಗ್ಗಾ ಮಾಯವಾಗಿರುತ್ತದೆ. ಇಪ್ಪತ್ತು ಮೂವತ್ತು ಸಾವಿರದ ಹೆಡ್‌ಫೋನ್ ಬೇಕಾಗಿಲ್ಲ, ವೈರ್ ಇರುವ ಸಾಧಾರಣ ಇಯರ್‌ಫೋನ್ ಸಾಕು. ಏನಿದ್ದರೂ ಯಾವುದರಲ್ಲಿ ಕೇಳಿದಿರಿ ಅಂತ ಬರೆದುಬಿಡಿ.

ಕವಿತೆಯನ್ನು ಪಕ್ಕಕ್ಕಿಟ್ಟುಕೊಂಡು

ನಿಜವಾದ ಕೆಲಸ ಇಲ್ಲಿದೆ. ಸಂಕಲನದ ಪುಟವನ್ನು ಜೆರಾಕ್ಸ್ ಮಾಡಿಸಿಕೊಳ್ಳಿ, ಇಲ್ಲವೇ ಕೈಯಲ್ಲಿ ಬರೆದುಕೊಳ್ಳಿ. ಪೆನ್ಸಿಲ್ ಹಿಡಿದು, ಬಿಟ್ಟ ಪದ್ಯಕ್ಕೆ ಅಡ್ಡಗೆರೆ, ಮತ್ತೆ ಮತ್ತೆ ಹಾಡಿದ ಸಾಲಿಗೆ ಎಷ್ಟು ಸಲ ಅನ್ನುವ ಅಂಕಿ, ಉಸಿರು ತೆಗೆದುಕೊಂಡ ಕಡೆ ಒಂದು ನಿಂತ ಗೀಟು ಹಾಕಿ.

ಆ ಗೀಟುಗಳೇ ಬಹಳ ಹೇಳುತ್ತವೆ. ‘ಮರೆಯಲಾರೆ’ ಅನ್ನುವ ಪದ ತೆಗೆದುಕೊಳ್ಳಿ. ಗಾಯಕರು ‘ಮರೆಯಲಾ’ ಅಂದು ಉಸಿರೆಳೆದು, ಆಮೇಲೆ ‘ರೆ’ ಹಾಡಿದರೆ, ಆ ಅರ್ಧ ಸೆಕೆಂಡಿನ ಮಟ್ಟಿಗೆ ಅರ್ಥ ತಲೆಕೆಳಗು: ಮರೆಯಲು ಆಗದವನು ‘ಮರೆತುಬಿಡಲಾ?’ ಅಂತ ಕೇಳುತ್ತಿದ್ದಾನೆ. ಇದು ಉಸಿರು ಸಾಲದೆ ಆದದ್ದೋ, ಬೇಕೆಂದೇ ಮಾಡಿದ್ದೋ? ಪದ್ಯದಲ್ಲಿ ಅಂಥ ಅನುಮಾನಕ್ಕೆ ಜಾಗವಿದ್ದರೆ, ಮುಂದಿನ ಸಲವೂ ಅಲ್ಲೇ ನಿಲ್ಲಿಸಿದರೆ, ಅದು ಸಂಯೋಜಕರ ಜಾಣತನ. ಒಂದೇ ಸಲ ಆಗಿದ್ದರೆ ಉಸಿರಿನ ಸಮಸ್ಯೆ. ನಿಮ್ಮ ಅಭಿಪ್ರಾಯದಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಅಪರೂಪ.

ಉಚ್ಚಾರವನ್ನೂ ಹೀಗೇ ಹಿಡಿಯಬೇಕು. ‘ಉಚ್ಚಾರ ಸರಿಯಿಲ್ಲ’ ಅಂತ ಒಟ್ಟಾರೆ ಬೈದರೆ ಪ್ರಯೋಜನವಿಲ್ಲ. ಯಾವ ಅಕ್ಷರ, ಅದರಿಂದ ಕೆಟ್ಟದ್ದೇನು ಅಂತ ಹೇಳಿ. ಳಕಾರ ಲಕಾರವಾದರೆ ‘ನನ್ನ ಬಳಿ’ ಹೋಗಿ ‘ನನ್ನ ಬಲಿ’ ಆಗುತ್ತದೆ. ಹಕಾರ ಬಿದ್ದರೆ ‘ಹಾಡು’ ಹೋಗಿ ‘ಆಡು’. ‘ಮನ’ದ ಮೊದಲಕ್ಷರವನ್ನು ಎಳೆದರೆ ‘ಮಾನ’.

ಈ ಎಳೆತಕ್ಕೆ ಕಾರಣ ಎಷ್ಟೋ ಸಲ ತಾಳ. ಭಾಮಿನಿ ಷಟ್ಪದಿಯ ಹಾಗೆ 3+4 ಮಾತ್ರೆಯಲ್ಲಿ ನಡೆಯುವ ಪದ್ಯ 7ರ ಮಿಶ್ರ ಛಾಪು ತಾಳಕ್ಕೋ ಹಿಂದೂಸ್ತಾನಿ ರೂಪಕ್‌ಗೋ ತಾನಾಗಿ ಕೂರುತ್ತದೆ. (ಕರ್ನಾಟಕ ಸಂಗೀತದ ರೂಪಕ ಬೇರೆ, ಅದು 6.) 5 ಮಾತ್ರೆಯ ಗಣಗಳ ಪದ್ಯವನ್ನು 8 ಮಾತ್ರೆಯ ಕೆಹರ್ವಾ ತಾಳಕ್ಕೆ ಹಾಕಿದರೆ ಗಣಕ್ಕೆ 3 ಮಾತ್ರೆ ಉಳಿಯುತ್ತದೆ. ಅದನ್ನು ಮೌನದಲ್ಲೋ ಡಗ್ಗಾದ ಒಂದು ಗಮಕದಲ್ಲೋ ತುಂಬಿದವರು ಪದವನ್ನು ಉಳಿಸಿಕೊಳ್ಳುತ್ತಾರೆ. ಹ್ರಸ್ವ ಎಳೆದು ತುಂಬಿದರೆ ಪದ ಕೆಡುತ್ತದೆ. ಬೆರಳಲ್ಲಿ ಎಣಿಸಿದರೆ ಎರಡು ನಿಮಿಷದ ಕೆಲಸ. ಆದರೆ ಎಣಿಸಿದವರ ಮಾತಿಗೂ ಎಣಿಸದವರ ಮಾತಿಗೂ ಅಜಗಜಾಂತರ.

ಬಿಟ್ಟ ಪದ್ಯಗಳ ಬಗ್ಗೆ ಸ್ವಲ್ಪ ಉದಾರವಾಗಿರಿ. ಎಂಟು ಪದ್ಯದ ಕವಿತೆಯನ್ನು ಐದು ನಿಮಿಷಕ್ಕೆ ಇಳಿಸಲೇಬೇಕಾಗುತ್ತದೆ. ಬಿಟ್ಟದ್ದರಿಂದ ಮುಂದಿನ ಸಾಲಿನ ‘ಅವಳು’ ಯಾರು ಅಂತ ತಿಳಿಯದೆ ಹೋದರೆ ಮಾತ್ರ ದೂರಬಹುದು.

ಹಳೆಯದು, ಹೊಸದು

ಎರಡು ಪ್ರತಿಗಳನ್ನು ಹೋಲಿಸುವ ಮೊದಲು ಕೇಳುವ ಮಟ್ಟ ಸಮ ಮಾಡಿ. ಒಂಚೂರು ಜೋರಾಗಿರುವುದು ಕಿವಿಗೆ ಯಾವಾಗಲೂ ‘ಚೆನ್ನಾಗಿ’ ಕೇಳುತ್ತದೆ, ಹೊಸ ರೆಕಾರ್ಡಿಂಗ್‌ಗಳು ಸಾಮಾನ್ಯವಾಗಿ ಜೋರಾಗಿಯೇ ಇರುತ್ತವೆ. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಆಯ್ಕೆ ಇದ್ದರೆ ಆನ್ ಇರಲಿ. ಇಲ್ಲದಿದ್ದರೆ ಗಾಯಕರ ದನಿಯನ್ನು ಅಳತೆಗಿಟ್ಟುಕೊಂಡು ಕೈಯಲ್ಲೇ ಹೊಂದಿಸಿ.

ತತ್ವಪದಗಳಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ರಘು ದೀಕ್ಷಿತ್ ಅವರ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಗಿಟಾರಿನ ಜೊತೆ ಬಂತು. ಇಂಥದ್ದನ್ನು ಕೇಳಿದ ಕೂಡಲೇ ‘ಮೂಲ ಟ್ಯೂನ್ ಕೆಡಿಸಿದರು’ ಅನ್ನುವವರು ಇದ್ದೇ ಇರುತ್ತಾರೆ. ಶರೀಫರ ಕಾಲ 1819ರಿಂದ 1889. ಅವರ ದನಿಯ ಧ್ವನಿಮುದ್ರಣ ಇಲ್ಲ. ಅನೇಕರು ಮೂಲ ಅಂದುಕೊಂಡಿರುವುದು ಸಿ. ಅಶ್ವತ್ಥ್ ಅವರ ಕ್ಯಾಸೆಟ್ಟನ್ನು. ಅದೂ ತನ್ನ ಕಾಲದ ಹೊಸ ಸಂಯೋಜನೆಯೇ. ‘ಅಶ್ವತ್ಥ್ ಅವರದರಲ್ಲಿ ಮಾತು ಮುಂದೆ, ಇದರಲ್ಲಿ ತಾಳ ಮುಂದೆ’ ಅನ್ನಿ, ಯಾವ ಸಾಲಿನಲ್ಲಿ ಅಂತಲೂ ತೋರಿಸಿ. ಆಗ ವಾದಕ್ಕೆ ಕಾಲೂರಲು ನೆಲ ಸಿಗುತ್ತದೆ.

ಬರೆಯುವಾಗ

150ರಿಂದ 200 ಪದ ಸಾಕು. ತೀರ್ಪನ್ನು ಮೊದಲೇ ಹೇಳಿಬಿಡಿ, ಕೊನೆಗೆ ಉಳಿಸಿಕೊಳ್ಳಬೇಡಿ. ಕವಿತೆ, ಸಂಯೋಜನೆ, ಗಾಯನ, ಧ್ವನಿಮುದ್ರಣ ಈ ನಾಲ್ಕನ್ನು ಕಲಸಬೇಡಿ. ಕವಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಗಾಯಕರಿಗೆ ಕೊಡುವುದು ನಮ್ಮಲ್ಲಿ ತೀರಾ ಸಾಮಾನ್ಯ. ಮಾದರಿಗಾಗಿ ಕಟ್ಟಿದ ಒಂದು ಟಿಪ್ಪಣಿ:

‘ಎಂಟು ಹಾಡಿನಲ್ಲಿ ಐದು ಮತ್ತೆ ಕೇಳುವಂತಿವೆ. ಮೂರನೆಯದರಲ್ಲಿ 2:10ಕ್ಕೆ ತಬಲಾ ನಿಂತು ಕೊನೆಯ ಚರಣ ಬರೀ ತಂಬೂರಿಯ ಮೇಲೆ ಬರುತ್ತದೆ. ಕವಿತೆಯಲ್ಲೂ ಮಾತು ತಾಯಿಯಿಂದ ಮಗನಿಗೆ ಹೊರಳುವುದು ಅಲ್ಲೇ. ಆರನೆಯದರಲ್ಲಿ ಪಲ್ಲವಿಯನ್ನು ಏಳು ಸಲ ಹಾಡಿದ್ದಾರೆ, ನಾಲ್ಕರಲ್ಲಿ ಆಗುತ್ತಿತ್ತು. ಕೀಬೋರ್ಡ್ ವೀಣೆಯ ಜಾಗದಲ್ಲಿ ಕೂತಿದೆ, ಗಮಕ ಏಳುವುದಿಲ್ಲ. ಸಿಡಿ, ವೈರ್ ಇಯರ್‌ಫೋನ್.’

ಇದರಲ್ಲಿ ‘ಅದ್ಭುತ’ ಒಂದೂ ಇಲ್ಲ, ಆದರೂ ಮೆಚ್ಚಿದ್ದು ಗೊತ್ತಾಗುತ್ತದೆ. ಕವಿತೆಯನ್ನು ಪೂರ್ತಿ ಟೈಪ್ ಮಾಡಿ ಹಾಕಬೇಡಿ. ನಮ್ಮಲ್ಲಿ ಕವಿ ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 2003ರಲ್ಲಿ ತೀರಿಕೊಂಡ ನರಸಿಂಹಸ್ವಾಮಿ ಅವರದೂ 2020ರಲ್ಲಿ ತೀರಿಕೊಂಡ ನಿಸಾರ್ ಅವರದೂ ಇನ್ನೂ ಬಹಳ ಕಾಲ ಇದೆ. ಚರ್ಚೆಗೆ ಬೇಕಾದ ಒಂದೆರಡು ಸಾಲು ಸಾಕು. ಎಂಪಿ3 ಕಳಿಸುವ ಬದಲು ಲಿಂಕ್ ಕಳಿಸಿ.

ಯಾರಾದರೂ ಒಪ್ಪದಿದ್ದರೆ ಮೊದಲು ಅವರು ಕೇಳಿದ ಪ್ರತಿ ಯಾವುದು ಅಂತ ವಿಚಾರಿಸಿ. ಇಬ್ಬರೂ ಬೇರೆ ಬೇರೆ ರೆಕಾರ್ಡಿಂಗ್ ಕೇಳಿ ಜಗಳಾಡುತ್ತಿರುವ ಸಾಧ್ಯತೆ ಚೆನ್ನಾಗಿಯೇ ಇದೆ.