ಎವೆಲಿನ್ ವಾ ಅವರ ಕಾದಂಬರಿಗಳನ್ನು ಕೂಡಿ ಓದುವ ಬಗೆ

ಇಂಗ್ಲಿಷ್ ವಿಡಂಬನಕಾರ ಎವೆಲಿನ್ ವಾ (1903–1966) ಅವರನ್ನು ಕುರಿತು ಚರ್ಚಿಸಲು ಸೇರುವವರು, ಹೆಚ್ಚು ಹೆಸರಾದ ‘ಬ್ರೈಡ್ಸ್‌ಹೆಡ್ ರೀವಿಸಿಟೆಡ್’ ಅನ್ನು ಸದ್ಯಕ್ಕೆ ಬದಿಗಿಟ್ಟು, 1928ರಲ್ಲಿ ಬಂದ ಮೊದಲ ಕಾದಂಬರಿ ‘ಡಿಕ್ಲೈನ್ ಅಂಡ್ ಫಾಲ್’ನಿಂದ ತೊಡಗುವುದು ಮೇಲು.

ಮೊದಲ ಸಭೆಗೆ ಆ ಕಾದಂಬರಿಯ ಶಾಲಾ ಕ್ರೀಡಾಕೂಟದ ಅಧ್ಯಾಯವೂ, ಅದರ ಪರಿಣಾಮವನ್ನು ಹೇಳುವ ಮುಂದಿನ ಅಧ್ಯಾಯಗಳ ಕೆಲವು ವಾಕ್ಯಗಳೂ ಸಾಕು. ಓಟದ ಆರಂಭಕ್ಕೆ ಹಾರಿಸಿದ ಗುಂಡು ಒಬ್ಬ ಹುಡುಗನ ಪಾದಕ್ಕೆ ತಾಗುತ್ತದೆ. ಮುಂದೆ ಅವನ ಕಾಲು ಹೋದದ್ದೂ, ಕೊನೆಗೆ ಅವನು ಸತ್ತದ್ದೂ ಬೇರೆ ಮಾತುಗಳ ನಡುವೆ ಒಂದೆರಡು ವಾಕ್ಯಗಳಲ್ಲಿ ತೇಲಿಹೋಗುತ್ತವೆ. ಈ ವಾಕ್ಯಗಳನ್ನು ಹುಡುಕಿ ಗುರುತು ಹಾಕಿ, ಗಟ್ಟಿಯಾಗಿ ಓದಿ, ನಿರೂಪಕನು ಮರುಕವನ್ನು ಏಕೆ ತಡೆಹಿಡಿದಿದ್ದಾನೆ ಎಂದು ಕೇಳಿಕೊಳ್ಳಿರಿ. ವಾ ಅವರ ಹಾಸ್ಯದ ಕ್ರೌರ್ಯವೂ ಕುಶಲತೆಯೂ ಇಲ್ಲಿಯೇ ಇವೆ ಎಂಬುದು ನನ್ನ ಅಭಿಪ್ರಾಯ.

ಜೀವನಚರಿತ್ರೆಯನ್ನು ಅನಂತರವೇ ತನ್ನಿರಿ. ವೇಲ್ಸಿನ ಶಾಲೆಯೊಂದರಲ್ಲಿ ಅವರು ಮಾಡಿದ ಅಧ್ಯಾಪಕ ವೃತ್ತಿ, 1929ರಲ್ಲಿ ಮುರಿದುಬಿದ್ದ ಮೊದಲ ಮದುವೆ, 1930ರಲ್ಲಿ ಸ್ವೀಕರಿಸಿದ ಕ್ಯಾಥೊಲಿಕ್ ಮತ, ಇವು ಕೃತಿಗಳಿಗೆ ಬೆಳಕು ಚೆಲ್ಲುತ್ತವೆಯಾದರೂ, ಪಾತ್ರಗಳ ಹಿಂದೆ ನಿಜವಾದ ವ್ಯಕ್ತಿಗಳನ್ನು ಹುಡುಕುವ ಆಟ (ಅದು ರುಚಿಕರವೇ ಸರಿ) ಸಭೆಯ ಸಮಯವನ್ನೆಲ್ಲ ನುಂಗಿಬಿಡಬಲ್ಲದು.

ಎರಡನೆಯ ಸಭೆಗೆ 1934ರ ‘ಎ ಹ್ಯಾಂಡ್‌ಫುಲ್ ಆಫ್ ಡಸ್ಟ್’ ಇರಲಿ. ನಾಯಕನು ಕಾಡಿನಲ್ಲಿ ಸೆರೆಯಾಗಿ ಡಿಕನ್ಸ್ ಕೃತಿಗಳನ್ನು ಓದಿಹೇಳುತ್ತ ಉಳಿಯುವ ಮುಕ್ತಾಯವನ್ನೂ, ಪತ್ರಿಕೆಗಾಗಿ ಬರೆದ ಬೇರೆ ಮುಕ್ತಾಯವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿರಿ.