ಹಿಡಿತ ಕಲಿಸುವ ಮೊದಲು

ಬೆಂಗಳೂರಿನ ರಾಜಾಜಿನಗರದ ಮೈದಾನವೊಂದರಲ್ಲಿ ಸಂಜೆಯ ಹೊತ್ತು ಹುಡುಗ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದೇನೆ. ಮೈ ಮುಟ್ಟದೆ ಆಡಲಾಗದ ಆಟವಿದು. ಕಾಲು ಹಿಡಿಯುವುದು, ಸೊಂಟ ಹಿಡಿದು ಎಳೆಯುವುದು, ಕೈಕೈ ಹಿಡಿದು ಸರಪಳಿ ಕಟ್ಟಿ, ಎದುರಾಳಿ ತಂಡದಿಂದ ಮುಟ್ಟಲು ಬರುವ ರೈಡರನ್ನು ತಡೆಯುವುದು ಎಲ್ಲವೂ ನಿಯಮದೊಳಗೇ ಬರುತ್ತವೆ. ಆದ್ದರಿಂದಲೇ, ಯಾವ ಸ್ಪರ್ಶ ಆಟಕ್ಕೆ ಸೇರಿದ್ದು, ಯಾವುದು ಅಲ್ಲ ಎಂಬುದು ಮಕ್ಕಳಿಗೂ ಪೋಷಕರಿಗೂ ನನಗೂ ಸಮಾನವಾಗಿ ಸ್ಪಷ್ಟವಿರಬೇಕೆಂದು ತರಬೇತಿ ಆರಂಭಿಸುವಾಗಲೇ ನಿರ್ಧರಿಸಿದ್ದೆ.

ಹೊಸ ಹಿಡಿತವನ್ನು ನಾನು ಮಕ್ಕಳ ಮೈಮೇಲೆ ತೋರಿಸುವುದಿಲ್ಲ. ಅನುಭವವುಳ್ಳ ಇಬ್ಬರು ಆಟಗಾರರನ್ನು ಮುಂದೆ ನಿಲ್ಲಿಸಿ, ಕೈ ಎಲ್ಲಿ ಬೀಳಬೇಕು, ಭಾರ ಯಾವ ಕಾಲಿನ ಮೇಲಿರಬೇಕು ಎಂದು ಮಾತಿನಲ್ಲೇ ವಿವರಿಸುತ್ತೇನೆ, ಯಾರದಾದರೂ ಭುಜವನ್ನೋ ಮೊಣಕಾಲನ್ನೋ ತಿದ್ದಲೇಬೇಕಾದರೆ "ಮುಟ್ಟಿ ತೋರಿಸಲೇ?" ಎಂದು ಎಲ್ಲರೆದುರೇ ಕೇಳಿ, "ಬೇಡ ಸರ್" ಎಂದರೆ ಕಾರಣ ಕೇಳದೆ ಬಿಡುತ್ತೇನೆ. ಇದರಿಂದ ಕಲಿಕೆ ನಿಧಾನವಾಗುತ್ತದೆಂದು ಹಳೆಯ ಆಟಗಾರರು ಆಕ್ಷೇಪಿಸಿದ್ದುಂಟು. ತುಸು ನಿಧಾನವಾಗುವುದು ನಿಜ. ಆದರೆ ಹಿಡಿತವನ್ನು ಬಾಯಲ್ಲಿ ಹೇಳಬೇಕಾದವನು ಅದನ್ನು ಮೊದಲು ತಾನು ಪೂರ್ತಿ ಅರಿತಿರಬೇಕಾಗುತ್ತದೆ.

ಕಬಡ್ಡಿಯಲ್ಲಿ ತೂಕದ ಮಿತಿಯಿದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಿಲೋ ಲೆಕ್ಕವನ್ನು ಗಟ್ಟಿಯಾಗಿ ಕೂಗುವ ರೂಢಿ ನನಗೆ ಸರಿಕಾಣದು. ನಮ್ಮಲ್ಲಿ ಒಬ್ಬೊಬ್ಬರನ್ನೇ ಕರೆದು ತೂಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಹುಡುಗಿಯರ ತೂಕ ನೋಡುವವರು ಮಹಿಳಾ ಸ್ವಯಂಸೇವಕರು. "ಹುಡುಗಿಯ ಹಾಗೆ ಆಡಬೇಡ" ಎಂಬ ಬೈಗುಳಕ್ಕೂ, ರಾಯಚೂರು ಕಡೆಯಿಂದ ಬಂದ ಕಟ್ಟಡ ಕಾರ್ಮಿಕರ ಮಕ್ಕಳ ಮಾತಿನ ಧಾಟಿಯನ್ನು ಅಣಕಿಸುವುದಕ್ಕೂ ಅಂಕಣದಲ್ಲಿ ಜಾಗವಿಲ್ಲ.

ದೂರು ಹೇಳುವವರು ನನ್ನ ಬಳಿಗೇ ಬರಬೇಕೆಂದಿಲ್ಲ, ಏಕೆಂದರೆ ದೂರು ನನ್ನ ಮೇಲೆಯೇ ಇರಬಹುದು. ಆಟಗಾರರಿಗಾಗಲಿ ತರಬೇತುದಾರರಿಗಾಗಲಿ ಸಂಬಂಧಿಯಲ್ಲದ ನಿವೃತ್ತ ಶಿಕ್ಷಕಿಯೊಬ್ಬರು ಆ ಹೊಣೆ ಹೊತ್ತಿದ್ದಾರೆ. ಅವರ ಫೋನ್ ಸಂಖ್ಯೆಯನ್ನೂ ಮಕ್ಕಳ ಸಹಾಯವಾಣಿ 1098 ಅನ್ನೂ ಸಾಮಗ್ರಿ ಕೋಣೆಯ ಗೋಡೆಗೆ ಬರೆಸಿದ್ದೇವೆ. "ನಮ್ಮ ನಮ್ಮಲ್ಲೇ ಮಾತಾಡಿ ಮುಗಿಸೋಣ" ಎನ್ನುವ ಹಿರಿಯರು ಪ್ರತಿ ಸಂಘದಲ್ಲೂ ಇರುತ್ತಾರೆ. ಅವರಿಗಾಗಿ ಪೋಷಕರ ಸಭೆಯಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮನ್ನು ಓದಿ ಹೇಳುತ್ತೇನೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದು ಶಿಕ್ಷಾರ್ಹ. ವಯಸ್ಕ ಮಹಿಳೆಯರ ವಿಷಯದಲ್ಲಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯು ಕ್ರೀಡಾಂಗಣವನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ತಂಡದಲ್ಲಿ ಕಿವಿ ಕೇಳದ ಹುಡುಗನೊಬ್ಬನಿದ್ದಾನೆ. ಅಭ್ಯಾಸದಲ್ಲಿ ಸೀಟಿಯ ಜೊತೆಗೆ ಬಾವುಟವನ್ನೂ ಎತ್ತುತ್ತೇವೆ, ರೈಡಿನ 30 ಸೆಕೆಂಡ್ ಮುಗಿಯುತ್ತಿರುವುದನ್ನು ಬೆರಳು ಮಡಿಸುತ್ತಾ ತೋರಿಸುತ್ತೇವೆ. ರೈಡಿನಲ್ಲಿ ಅವನ "ಕಬಡ್ಡಿ ಕಬಡ್ಡಿ" ಸ್ಪಷ್ಟವಾಗಿ ಕೇಳಿಸದ ಕಾರಣ, ಟೂರ್ನಿಗೆ ಹೋದಾಗ ಅಂಪೈರ್‌ಗಳಿಗೆ ಮುಂಚಿತವಾಗಿಯೇ ವಿಷಯ ತಿಳಿಸುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ನಿಯಮ ಮುಂದಿಡುತ್ತಾರೆ. ಒಪ್ಪದ ಕಡೆ ಅವನು ರೈಡಿಗೆ ಹೋಗದೆ, ರಕ್ಷಣೆಯ ಸಾಲಿನ ಬಲತುದಿಯ ರೈಟ್ ಕಾರ್ನರ್‌ನಲ್ಲಿ ನಿಲ್ಲುತ್ತಾನೆ. ನಮ್ಮಲ್ಲಿ ಕಾಲು ಹಿಡಿಯುವುದರಲ್ಲಿ ಅವನನ್ನು ಮೀರಿಸುವವರು ಸದ್ಯಕ್ಕೆ ಯಾರೂ ಇಲ್ಲ.